ಖಾನೆಯೊಳಗಿನ ಹಗ್ಗ

ಚಳಿ ಸರಿದು ಬಿಸಿಲು ಏರತೊಡಗಿದ್ದ ಕಾಲ, ರಜೆಯ ದಿನ, ಬೆಳಗಿನ ಹತ್ತರ ಹೊತ್ತು. ಗಡಿಯಾರ ರಿಪೇರಿಯ ತಾತ ಒಂದು ಹೆಂಗಸರ ವಾಚಿನ ಬೆನ್ನು ಬಿಚ್ಚಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದ ತುದಿಯಲ್ಲಿ ಹಿಡಿದಿದ್ದ. ಆಗ ತಲೆಯ ಮೇಲಿನ ಹಲಗೆಯ ಅಟ್ಟ ಧಡ್ ಧಡ್ ಎಂದಿತು. ಸಂದಿಯಿಂದ ಧೂಳು ಉದುರಿ ನೇರವಾಗಿ ವಾಚಿನ ಹೊಟ್ಟೆಗೇ ಬಿತ್ತು. ಸ್ಪ್ರಿಂಗ್ ಚಿಮ್ಮಿ ಎಲ್ಲಿ ಹೋಯಿತೋ!

ಅಟ್ಟದ ಮೇಲೆ ಹಗ್ಗದಾಟ ಆಡುತ್ತಿದ್ದವಳು ಮಗಳ ಮಗಳು, ಒಂಬತ್ತು ವರ್ಷದವಳು. ನಿಂತಲ್ಲಿ ನಿಲ್ಲದವಳಾದ್ದರಿಂದ ಮನೆಯಲ್ಲಿ ಅವಳಿಗೆ ಮಿಡತೆ ಎಂದೇ ಹೆಸರು. ಅವಳಮ್ಮ ಬೆಳಿಗ್ಗೆ ನೂಲಿನ ಕಾರ್ಖಾನೆಗೆ ಹೋದರೆ ಬರುವುದು ಸಂಜೆಗೇ. ಅಲ್ಲಿಯತನಕ ಹುಡುಗಿಗೆ ತಾತನೇ ದಿಕ್ಕು.

"ಇಳಿಯೇ ಕೆಳಗೆ, ಮಿಡತೆ! ಮನೆ ಬೀಳಿಸ್ತೀಯಾ?"

ತಾತ ಹಗ್ಗವನ್ನು ಸುತ್ತಿ ಮೇಜಿನ ಕೆಳಖಾನೆಗೆ ತುರುಕಿ ಬೀಗ ಹಾಕಿದ.

"ಎಷ್ಟು ದಿನ ತಾತಾ?"

"ಆ ಸ್ಪ್ರಿಂಗ್ ಸಿಗೋವರೆಗೂ."

ತಾತ ಸಿಟ್ಟಿನಲ್ಲಿ ಅಂದ ಮಾತು. ಹುಡುಗಿ ಅದನ್ನು ನಿಜವೆಂದೇ ನಂಬಿ, ತಿಂಗಳುಗಟ್ಟಲೆ ಮಂಡಿಯೂರಿ ನೆಲದ ಸಂದಿಗೊಂದಿಯೆಲ್ಲ ತಡಕಿದಳು. ಆಮೇಲೆ ಮರೆತಳು. ತಾತನೂ ಮರೆತ.

ಅವಳ ಕಣ್ಣು ಚುರುಕು, ಬೆರಳು ಸಣ್ಣ. ತಿರುಪು ಹೆಕ್ಕಿಕೊಡಲೆಂದು ತಾತ ಪಕ್ಕದಲ್ಲೊಂದು ಸ್ಟೂಲು ಹಾಕಿ ಕೂರಿಸಿಕೊಂಡ. ಶಾಲೆ ಬಿಟ್ಟರೆ ಸ್ಟೂಲು, ರಜೆ ಬಂದರೂ ಸ್ಟೂಲು. ಗಾಳಿಗೆ ಧೂಳು ಬರುತ್ತದೆಂದು ಕಿಟಕಿ ಮುಚ್ಚಿ, ದೀಪದ ಬೆಳಕಿನಲ್ಲೇ ಕೆಲಸ. ಹಾಲು ಚೆಲ್ಲಿದರೆ ಹಲ್ಲುಚಕ್ರಗಳಿಗೆ ಅಂಟುತ್ತದೆಂದು ಮೇಜಿನ ಹತ್ತಿರ ಹಾಲಿನ ಲೋಟಕ್ಕೆ ಜಾಗವಿರಲಿಲ್ಲ. ಅಮ್ಮ ಕಾಯಿಸಿಟ್ಟು ಹೋದ ಹಾಲು ಬೆಕ್ಕಿನ ಪಾಲು. ತಾತ ತನ್ನ ಫ್ಲಾಸ್ಕಿನ ಕಪ್ಪು ಚಹಾದಲ್ಲೇ ಅವಳಿಗೂ ಅರ್ಧ ಬಗ್ಗಿಸುತ್ತಿದ್ದ. ಆಟದ ಮೇಷ್ಟ್ರು ಓಟಕ್ಕೆ ಕಳಿಸಿ ಎಂದು ಹೇಳಿಕಳಿಸಿದಾಗ, "ಓಡಿ ಬಿದ್ದು ಕೈ ಮುರ್ಕೊಂಡ್ರೆ ಯಾರು ನೋಡ್ತಾರೆ?" ಎಂದು ತಾನೇ ಬೇಡವೆಂದ.

ಎದುರುಮನೆಯಾಕೆ ಹೊಗಳುತ್ತಿದ್ದಳು: "ಏನು ಸಾಧು ಹುಡುಗಿ ತಾತಾ! ಮನೇಲಿ ಮಗು ಇದೆ ಅಂತಾನೇ ಗೊತ್ತಾಗಲ್ಲ." ತಾತ ಉಬ್ಬಿಹೋಗುತ್ತಿದ್ದ.

ಹದಿನೇಳನೆಯ ವರ್ಷ, ಒಂದು ಮಧ್ಯಾಹ್ನ, ಹುಡುಗಿ ಹೊಸ್ತಿಲು ಎಡವಿ ಅಂಗೈ ಊರಿ ಬಿದ್ದಳು. ಬಿದ್ದದ್ದು ನಿಂತ ಎತ್ತರದಿಂದ, ಅಷ್ಟೇ. ಟಕ್ ಎಂದಿತು. ಬದುಕೆಲ್ಲ ಮುರಿದ ಸಾಮಾನಿನ ಸದ್ದು ಕೇಳಿದ್ದ ತಾತನಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿ, ಇನ್ನೂ ಒಂದೆರಡು ಪರೀಕ್ಷೆ ಮಾಡಿಸಿ, ಹುಬ್ಬು ಗಂಟಿಕ್ಕಿದರು. "ಈ ವಯಸ್ಸಿಗೆ ಇರಬೇಕಾದಷ್ಟು ಗಟ್ಟಿ ಇಲ್ಲ ಮೂಳೆ. ಹಾಲು ಮೊಸರು ತಗೊಳ್ತೀಯಾ? ಬಿಸಿಲಲ್ಲಿ ಓಡಾಡ್ತೀಯಾ? ಓಟ, ಕುಣಿತ, ಹಗ್ಗದಾಟ?"

ಹುಡುಗಿ ತಾತನ ಮುಖ ನೋಡಲಿಲ್ಲ. "ನಂಗೆ ಮೊದಲಿಂದಾನೂ ಕುಣಿಯೋದು ಇಷ್ಟ ಇಲ್ಲ ಮೇಡಂ. ಹಾಲೂ ಸೇರಲ್ಲ."



"ತಪ್ಪು ನಂದೇ," ಎಂದು, ಸುದ್ದಿ ಕೇಳಿ ಕಾರ್ಖಾನೆಯಿಂದ ಬಂದಿದ್ದ ಅವಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಕೆಲಸ ಕೆಲಸ ಅಂತ ಮಗು ಕಡೆ ಗಮನಾನೇ ಕೊಡ್ಲಿಲ್ಲ."

ಆಗಲಾದರೂ ಬಾಯಿ ಬಿಡಬಹುದಿತ್ತು. ತಾತ ಬಿಡಲಿಲ್ಲ.

ಆಮೇಲೆ ಆರು ವಾರ ಮಗಳು ಕಾರ್ಖಾನೆಯಿಂದ ಓಡೋಡಿ ಬಂದು, ಹುಡುಗಿಯ ಮುಂದೆ ಮೊಸರು, ಸೊಪ್ಪು, ಎಳ್ಳು ಎಂದು ತಂದಿಟ್ಟು, ತನ್ನನ್ನೇ ಬೈದುಕೊಳ್ಳುವಳು. ಒಂದೊಂದು ಬೈಗುಳವೂ ತಾತನಿಗೆ ಬಂದು ನಾಟುವುದು. ಮೇಜಿನ ಮುಂದೆ ಕೂತಾಗ ಮೊಣಕಾಲು ಕೆಳಖಾನೆಗೆ ತಗಲಿದರೆ ಬೆಂಕಿ ತಗಲಿದಂತೆ ಸರಿದುಕೊಳ್ಳುತ್ತಿದ್ದ.

ಪ್ಲಾಸ್ಟರ್ ಬಿಚ್ಚಿಸುವ ದಿನ ಮೂವರೂ ಹೋದರು. ಬಿಚ್ಚಿದ ಕೈ ಬಿಳುಚಿಕೊಂಡು, ಒಣಗಿದ ಕಡ್ಡಿಯಂತೆ ಇತ್ತು. ಅದನ್ನು ನೋಡಿದ ಮೇಲೆ ತಾತನಿಗೆ ತಡೆಯಲಾಗಲಿಲ್ಲ.

"ಡಾಕ್ಟರಮ್ಮಾ, ಇವಳು ಅವತ್ತು ಹೇಳಿದ್ದು ಸುಳ್ಳು. ಹಗ್ಗಕ್ಕೆ ಬೀಗ ಹಾಕಿದ್ದು ನಾನು. ಕಿಟಕಿ ಮುಚ್ಚಿದ್ದೂ ನಾನೇ. ಹಾಲು ಬೆಕ್ಕಿಗೆ ಹಾಕಿದ್ದೂ ನಾನೇ. ನನ್ನ ಮಗಳದ್ದು ಏನೂ ತಪ್ಪಿಲ್ಲ."

"ತಾತಾ, ಸುಮ್ನಿರು," ಎಂದಳು ಹುಡುಗಿ.

"ಎಂಟು ವರ್ಷ ಸುಮ್ನಿದ್ದಿದ್ದು ನೀನು. ಇನ್ನು ಸಾಕು. ಏನಾದ್ರೂ ಸರಿ ಮಾಡಕ್ಕಾಗುತ್ತಾ ಡಾಕ್ಟರಮ್ಮಾ?"

"ಹೋದ ವರ್ಷಗಳನ್ನ ತರಕ್ಕಾಗಲ್ಲ ತಾತಾ. ಆದ್ರೆ ಮೂಳೆ ತುಂಬೋ ಕಾಲ ಪೂರ್ತಿ ಮುಗಿದಿಲ್ಲ, ಇನ್ನೂ ಕೆಲವು ವರ್ಷ ಇದೆ. ಊಟ ಸರಿ ಮಾಡಿ, ಬಿಸಿಲಿಗೆ ಬಿಡಿ. ಈಗ ನಡಿಗೆ. ಕೈ ಬಲ ಬಂದ್ಮೇಲೆ ಕುಣೀಲಿ. ಕೂರಿಸ್ಬೇಡಿ, ಅಷ್ಟೇ."

ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಮಗಳು ಒಂದೇ ಮಾತು ಕೇಳಿದಳು: "ಆರು ವಾರ ನಾನು ಅಳೋದನ್ನ ನೋಡ್ತಾ ಕೂತಿದ್ರಲ್ಲಪ್ಪಾ?"

ಮರುದಿನ ತಾತ ಬೀದಿಯ ಕೊನೆಯ ಕನ್ನಡಕದ ಅಂಗಡಿಯವನನ್ನು ಕೇಳಿ ತನ್ನ ಮೇಜಿಗೆ ಅಲ್ಲೊಂದು ಮೂಲೆ ಗೊತ್ತುಮಾಡಿಕೊಂಡ. ಮೇಲೆ ಸಿಮೆಂಟಿನ ಗಟ್ಟಿ ತಾರಸಿ. ಆನೆ ಕುಣಿದರೂ ಧೂಳು ಬೀಳದು. ಇತ್ತ ಮನೆಯ ಅಟ್ಟ ಇನ್ನು ಹುಡುಗಿಯದೇ. ನಲವತ್ತು ವರ್ಷ ಒಂದೇ ಜಾಗದಲ್ಲಿದ್ದ ಮೇಜನ್ನು ಸರಿಸಿದಾಗ ನೆಲದಲ್ಲಿ ನಾಲ್ಕು ಗುಳಿ ಕಂಡವು. ಹುಡುಗಿ ಅಭ್ಯಾಸಬಲದಿಂದ ಬಗ್ಗಿ ನೋಡಿದಳು.

"ಸ್ಪ್ರಿಂಗ್ ಇಲ್ಲೂ ಇಲ್ಲ ತಾತಾ."

"ಇಲ್ದೇ ಹೋದ್ರೆ ಬೇಡ," ಎಂದು ತಾತ ಕೆಳಖಾನೆಯ ಬೀಗ ತೆಗೆದ. ಹಗ್ಗ ಸುತ್ತಿಟ್ಟ ಹಾಗೇ ಇತ್ತು, ಒಂಬತ್ತು ವರ್ಷದ ಮಗುವಿನ ಅಳತೆಯದು. ಅವಳು ಹಗ್ಗದ ನಡುವನ್ನು ತುಳಿದು ಎರಡೂ ತುದಿ ಮೇಲಕ್ಕೆಳೆದರೆ ಸೊಂಟದವರೆಗಷ್ಟೇ ಬಂತು.

"ಹೊಸದು ತರ್ತೀನಿ," ಎಂದ ತಾತ, ಅವಳ ಮುಖ ನೋಡಲಾರದೆ.

"ಉದ್ದದ್ದು ತಾ. ಮಿಡತೆ ಬೆಳೆದಿದೆ."

ತಳ್ಳುಗಾಡಿಯಲ್ಲಿ ಮೇಜು, ಸ್ಟೂಲು, ಫ್ಲಾಸ್ಕು ಹೊರಟವು. ಅವುಗಳ ಹಿಂದೆ ತಲೆ ತಗ್ಗಿಸಿಕೊಂಡು ತಾತನೂ ಹೊರಟ.