ಬಂತಕ್ಕನ ಎರಡನೆಯ ದಾರಿ

ಪರದೆಯ ಮೇಲೆ ಹಸಿರು ಮೂಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಒಪ್ಪಿಕೊಳ್ಳುವವರ ಪೈಕಿಯಲ್ಲ ಬಂತಕ್ಕ. ಈ ತುದಿಯ ಊರಿನಿಂದ ಆ ತುದಿಯ ಊರಿಗೆ, ನಡುವಿನ ಹಲವಾರು ಕೇಂದ್ರಗಳನ್ನು ದಾಟಿಸಿ, ಕೂದಲೆಳೆಯಂಥ ಗಾಜಿನ ತಂತುವಿನೊಳಗೆ ಸಂದೇಶ ಹೊತ್ತ ಬೆಳಕಿಗೊಂದು ದಾರಿ ಮಾಡಿಕೊಡುವುದು ಅವರ ಉದ್ಯೋಗ. ಕಂಪ್ಯೂಟರಿನಲ್ಲಿ ಎರಡು ತುದಿಗಳನ್ನು ಆರಿಸಿ, ದಾರಿಯನ್ನು ಗೊತ್ತುಮಾಡಿ, ಪ್ರತಿ ಕೇಂದ್ರದಲ್ಲೂ ಒಳಬಂದ ಬೆಳಕು ಯಾವ ಬಾಗಿಲಿನಿಂದ ಹೊರಹೋಗಬೇಕೆಂದು ವಿಧಿಸಿದ ಮೇಲೆ ಪರದೆ ಹಸಿರಾಗುತ್ತದೆ. ಉಳಿದವರು ಕುರ್ಚಿ ಹಿಂದಕ್ಕೆ ತಳ್ಳಿ ಚಹಾ ಕುಡಿಯಲು ಏಳುತ್ತಾರೆ. ಅವರು ಮಾತ್ರ ಫೋನೆತ್ತಿ, ಆ ತುದಿಯಲ್ಲಿ ಕೂತಿರುವ ಜೀವಂತ ಮನುಷ್ಯನೊಬ್ಬನನ್ನು ಹಿಡಿದು, ನಮಸ್ಕಾರಕ್ಕೂ ಮೊದಲು ಕೇಳುತ್ತಾರೆ: "ಬಂತಾ?"

ಆ ಪ್ರಶ್ನೆಯೇ ಅವರ ಹೆಸರಾಗಿಹೋಗಿತ್ತು. ಕಚೇರಿಯಲ್ಲಿ, ಗುಡ್ಡದ ಮೇಲಿನ ಕೇಂದ್ರಗಳಲ್ಲಿ, ಮುಖವನ್ನೇ ನೋಡದ ದೂರದೂರದ ಸಹೋದ್ಯೋಗಿಗಳ ಬಾಯಲ್ಲಿ ಅವರು ಬಂತಕ್ಕ. "ಹಸಿರು ಬಂದಿದೆಯಲ್ಲಕ್ಕಾ, ಇನ್ನೇನು ಕೇಳೋದು?" ಎಂದು ಯಾರಾದರೂ ರೇಗಿಸಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು: "ಕಳಿಸಿದೀನಿ ಅಂತ ಯಂತ್ರ ಹೇಳುತ್ತೆ. ತಲುಪಿತೋ ಇಲ್ವೋ ಅನ್ನೋದನ್ನ ತಲುಪಿದ ಮನೆಯವರೇ ಹೇಳ್ಬೇಕು."

ವರ್ಷಾನುಗಟ್ಟಲೆ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಕೀಲಿಮಣೆ ಕುಟ್ಟಿದ್ದರ ಫಲವಾಗಿ ಅವರ ಎಡಭುಜ ಶಾಶ್ವತವಾಗಿ ತುಸು ಮೇಲೇರಿತ್ತು. ಆ ಭುಜವನ್ನು ಮುಂದು ಮಾಡಿಕೊಂಡು, ಎದುರುಗಾಳಿಯನ್ನು ಸೀಳಿಕೊಂಡು ಹೋಗುವ ದೋಣಿಯ ಹಾಗೆ, ಅವರು ಓಣಿಗಳಲ್ಲಿ ನಡೆಯುತ್ತಿದ್ದರು. ಮೈಮೇಲೆ ಸದಾ ಒಂದು ಕಂದು ಬಣ್ಣದ ದಪ್ಪ ಕೋಟು. ಯಂತ್ರಗಳ ಕೋಣೆಯ ಚಳಿಗೆಂದು ಎಂದೋ ಸಂತೆಯಲ್ಲಿ ಕೊಂಡ ಗಂಡಸರ ಕೋಟು ಅದು. ಮೊಣಕೈ ಸವೆದಿತ್ತು, ಜೇಬುಗಳಲ್ಲಿ ಪೆಪ್ಪರ್‌ಮಿಂಟೂ ತಂತುವಿನ ತುದಿ ಒರೆಸುವ ಬಟ್ಟೆಯೂ ಒಟ್ಟಿಗೆ ಸಂಸಾರ ಮಾಡುತ್ತಿದ್ದವು. ವಿನೋದವೆಂದರೆ ಅವರ ಪತಿ ದರ್ಜಿ, ಅದೂ ಹೆಸರುವಾಸಿಯಾದ ದರ್ಜಿ. "ಹೆಂಡತಿಗೆ ಒಂದು ಕೋಟು ಹೊಲಿದುಕೊಡೋಕೆ ಆಗಲ್ವೇನಯ್ಯಾ ಅಂತ ಗಿರಾಕಿಗಳು ನನ್ನ ಮರ್ಯಾದೆ ತೆಗೀತಾರೆ," ಎಂದು ಆತ ಗೋಳಾಡುತ್ತಿದ್ದ. ಹೊಲಿದುಕೊಟ್ಟ ಕೋಟುಗಳೆಲ್ಲ ಬೀರುವಿನಲ್ಲಿ ನೇತಾಡುತ್ತಿದ್ದವು.

ಸಂಜೆ ಮನೆಗೆ ಬಂದಾಗ ಆತ ಮಿಷನ್ನಿನಿಂದ ತಲೆಯೆತ್ತದೆ ಕೇಳುತ್ತಿದ್ದ: "ಇವತ್ತು ಯಾವ ಬಣ್ಣದ ದಾರ ಎಳೆದೆ?" ಅದು ಹಾಸ್ಯವೆಂದು ತಿಳಿದೂ ಆಕೆ ಗಂಭೀರವಾಗಿ ವಿವರಿಸುತ್ತಿದ್ದರು. ಒಂದೇ ತಂತುವಿನಲ್ಲಿ ಬೇರೆ ಬೇರೆ ಬಣ್ಣದ ಬೆಳಕುಗಳು ಒಂದನ್ನೊಂದು ಮುಟ್ಟದೆ ಓಡುತ್ತವೆ. ತಮ್ಮ ಜಾಲದಲ್ಲಿ ಬೆಳಕು ದಾರಿಯ ನಡುವೆ ಬಣ್ಣ ಬದಲಿಸಲಾರದು. ಆದ್ದರಿಂದ ಹೊಸ ಸಂಪರ್ಕವೊಂದು ಬೇಕೆಂದರೆ, ಈ ತುದಿಯಿಂದ ಆ ತುದಿಯವರೆಗೂ ಒಂದೇ ಬಣ್ಣ ಖಾಲಿ ಇರುವ ದಾರಿಯನ್ನೇ ಹುಡುಕಬೇಕು. ಎಲ್ಲೋ ಒಂದು ತುಂಡಿನಲ್ಲಿ ಬೇರೆಯವರು ಅದನ್ನು ಹಿಡಿದುಕೊಂಡಿದ್ದರೆ ಮುಗಿಯಿತು. "ಮತ್ತೆ ಆ ಬಣ್ಣಗಳು ಕಣ್ಣಿಗೆ ಕಾಣೋದೂ ಇಲ್ಲ," ಎಂದು ಆಕೆ ಸೇರಿಸಿದರೆ ದರ್ಜಿ ಕೈಮುಗಿಯುತ್ತಿದ್ದ. "ಕಾಣದ ದಾರದಲ್ಲಿ ಹೊಲಿದು ಸಂಬಳ ತರೋಳು ನೀನೊಬ್ಬಳೇ ಮಾರಾಯ್ತಿ!"

ಅವರ ಜೀವನದ ದೊಡ್ಡ ಪರೀಕ್ಷೆ ಬಂದದ್ದು ಒಂದು ಅಣೆಕಟ್ಟಿನ ಮೂಲಕ. ಬೆಟ್ಟಗಳ ನಡುವಿನ ಆ ಅಣೆಕಟ್ಟಿನ ಗೇಟುಗಳನ್ನು ಎತ್ತಿದರೆ ಕೆಳಗಿನ ಪಟ್ಟಣದ ಮಾರುಕಟ್ಟೆಗೆ ನೀರು ನುಗ್ಗುತ್ತಿತ್ತು. ಹಿಂದೊಮ್ಮೆ ಎಚ್ಚರಿಕೆ ತಡವಾಗಿ ತಲುಪಿ ಜನ ಸತ್ತಿದ್ದರು. ಇನ್ನು ಹಾಗಾಗಬಾರದೆಂದು, ನೀರಿನ ಮಟ್ಟವನ್ನು ಕ್ಷಣಕ್ಷಣಕ್ಕೂ ಪಟ್ಟಣದ ನಿಯಂತ್ರಣ ಕೊಠಡಿಗೆ ಮುಟ್ಟಿಸುವ, ಅಪಾಯವೆಂದರೆ ತಾನಾಗಿ ಸೈರನ್ ಕೂಗಿಸುವ ಸಂಪರ್ಕವೊಂದನ್ನು ಕಲ್ಪಿಸಲು ಸರ್ಕಾರ ಆದೇಶಿಸಿತು. ಒಂದು ದಾರಿ ಕಡಿದರೆ ಕಣ್ಣುಮಿಟುಕಿಸುವುದರೊಳಗೆ ಇನ್ನೊಂದು ದಾರಿ ಹೊಣೆ ಹೊರಬೇಕು. ಹೀಗೆ ಎರಡು ದಾರಿ. ಕೆಲಸ ಬಂತಕ್ಕನ ಪಾಲಿಗೆ ಬಂತು. ಅವರು ಎರಡನ್ನೂ ಕಟ್ಟಿದರು. ನಕ್ಷೆಯ ಪ್ರಕಾರ ಒಂದು ದಾರಿ ಹೆದ್ದಾರಿಯ ಸೇತುವೆಯ ಮೇಲೆ ನದಿ ದಾಟುತ್ತಿತ್ತು, ಇನ್ನೊಂದು ಬಹುದೂರ ಕೆಳಗೆ ರೈಲು ಸೇತುವೆಯ ಮೇಲೆ. ಪಟ್ಟಣದ ನಿಯಂತ್ರಣ ಕೊಠಡಿಯ ತಂತ್ರಜ್ಞ ಎರಡಕ್ಕೂ "ಬಂತಕ್ಕಾ" ಎಂದ. ಉದ್ಘಾಟನೆಗೆ ದಿನ ಗೊತ್ತಾಯಿತು. ಮೋಡಗಳು ಆಗಲೇ ಬೆಟ್ಟದ ನೆತ್ತಿಯ ಮೇಲೆ ಕೂಡತೊಡಗಿದ್ದವು.

ಆದರೆ ಎಲ್ಲ ಮುಗಿದ ಮೇಲೂ ಕಟ್ಟಿದ್ದನ್ನು ಕೆಲಕಾಲ ಸುಮ್ಮನೆ ನೋಡುತ್ತ ಕೂರುವುದು ಅವರ ಪದ್ಧತಿ. ದಾರಿಯಲ್ಲಿ ಬೆಳಕು ಮಾಡಿಕೊಳ್ಳುವ, ಯಂತ್ರ ತಾನೇ ತಿದ್ದಿಕೊಳ್ಳುವ ಸಣ್ಣಪುಟ್ಟ ತಪ್ಪುಗಳನ್ನು ತೋರಿಸುವ ಎರಡು ಗೆರೆಗಳು, ದಾರಿಗೊಂದರಂತೆ, ಪರದೆಯ ಮೇಲೆ ಹರಿಯುತ್ತಿದ್ದವು. ಮೇಲಿನ ಗೆರೆ ಒಮ್ಮೆ ನಡುಗಿತು. ಕೆಳಗಿನದೂ ಅದೇ ಕ್ಷಣ ನಡುಗಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಗೆಯೇ. ಬಂತಕ್ಕನ ಬಾಯಲ್ಲಿದ್ದ ಪೆಪ್ಪರ್‌ಮಿಂಟು ಅಲ್ಲೇ ನಿಂತಿತು.

ಅವರು ಮುಖ್ಯಸ್ಥರ ಕೋಣೆಗೆ ಹೋದರು. "ಸಾರ್, ಬೇರೆ ಬೇರೆ ಊರಲ್ಲಿರೋ ಇಬ್ಬರು ಒಟ್ಟಿಗೇ ಕೆಮ್ಮಿದ್ರೆ ಏನರ್ಥ?"

"ಕಾಕತಾಳೀಯ," ಎಂದರು ಮುಖ್ಯಸ್ಥರು, ಆಹ್ವಾನಪತ್ರಿಕೆಯ ಕರಡಿನಿಂದ ಕಣ್ಣೆತ್ತದೆ.

"ಪ್ರತಿ ಸಲವೂ ಒಟ್ಟಿಗೇ ಕೆಮ್ಮಿದ್ರೆ?"

ಮುಖ್ಯಸ್ಥರು ಕಣ್ಣೆತ್ತಿದರು.

"ಇಬ್ಬರೂ ಒಂದೇ ಕೋಣೇಲಿದಾರೆ ಅಂತ ಅರ್ಥ ಸಾರ್. ಎಲ್ಲಿ ಅಂತ ನೋಡ್ಕೊಂಡು ಬರ್ತೀನಿ."

ಮರುದಿನ ಬೆಳಿಗ್ಗೆ ಜೀಪಿನಲ್ಲಿ ಹೋಗಿ, ಕಂದು ಕೋಟಿನ ತೋಳು ಮಡಚಿ, ಹೆದ್ದಾರಿ ಸೇತುವೆಯ ಬದಿಯ ಕಾಲುದಾರಿಯಲ್ಲಿ ಮಂಡಿಯೂರಿ ಅವರು ಕೇಬಲ್ ಗುಂಡಿಯ ಮುಚ್ಚಳ ಎತ್ತಿಸಿದರು. ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರನೊಬ್ಬ ರೈಲು ಸೇತುವೆಯ ಕೇಬಲ್ಲನ್ನೂ ಇಲ್ಲಿಗೇ ತಿರುಗಿಸಿ, ಎರಡನ್ನೂ ಒಂದೇ ಪೈಪಿನೊಳಗೆ ತೂರಿಸಿ, ಯಾರಿಗೂ ಹೇಳದೆ ಮಣ್ಣು ಮುಚ್ಚಿದ್ದ. ಲಾರಿಯೊಂದು ಹಾದುಹೋಯಿತು; ಅವಳಿಜವಳಿಗಳಂತೆ ಒರಗಿಕೊಂಡಿದ್ದ ಎರಡು ಕರಿಯ ಕೇಬಲ್ಲುಗಳೂ ಒಟ್ಟಿಗೆ ನಡುಗಿದವು. ಸೇತುವೆ ಹೋದರೆ ಎರಡೂ ದಾರಿ ಒಟ್ಟಿಗೇ ಹೋಗುತ್ತವೆ. ಆ ಭಯದ ಹಿಂದೆಯೇ ಬಂತಕ್ಕನಿಗೆ ಮುಚ್ಚಿಡಲಾಗದ ಒಂದು ಸಂತೋಷವೂ ಆಯಿತು. ಕೂತಲ್ಲಿಂದಲೇ ಹಿಡಿದಿದ್ದೆನಲ್ಲ!

ಕಚೇರಿಯಲ್ಲಿ ಆ ಸಂತೋಷವನ್ನು ಹಂಚಿಕೊಳ್ಳುವವರಿರಲಿಲ್ಲ. "ಎರಡು ದಾರಿ ಇದೆ ಅಂತ ಮೇಲಿನವರಿಗೆ ಹೇಳಿಯಾಗಿದೆ," ಎಂದು ಮುಖ್ಯಸ್ಥರು ಮೇಜು ಕುಟ್ಟಿದರು. "ಈಗ ಮುಂದಕ್ಕೆ ಹಾಕಿದ್ರೆ ಮಳೆಗಾಲಕ್ಕೆ ಆ ಊರಿಗೆ ಒಂದು ದಾರಿಯೂ ಇರಲ್ಲ. ಅದು ನಿಮಗೆ ಸರೀನಾ?"

"ಮುಂದಕ್ಕೆ ಹಾಕಿ ಅಂತ ಯಾರು ಹೇಳಿದ್ರು ಸಾರ್? ಒಂದು ದಾರಿ ಇವತ್ತೇ ಶುರು ಮಾಡಿ. ಎರಡಿದೆ ಅಂತ ಮಾತ್ರ ಹೇಳ್ಬೇಡಿ. ಎರಡನೇದನ್ನ ಮಳೆಗೆ ಮೊದಲು ನಾನು ಕೊಡ್ತೀನಿ."

"ಕೊಡೋಕಾಗದಿದ್ರೆ?"

"ಆಗದಿದ್ರೆ ನನ್ನ ಹೆಸರು ಹೇಳಿ."

ಮುಖ್ಯಸ್ಥರು ಕೆಟ್ಟವರಲ್ಲ, ಹೆದರಿದವರು. ಕಿಟಕಿಯಾಚೆಗಿನ ಮೋಡ ನೋಡಿ, ಆಹ್ವಾನಪತ್ರಿಕೆಯ ಕರಡನ್ನು ಎರಡಾಗಿ ಹರಿದರು. ಒಂದು ದಾರಿ ಅಂದೇ ಶುರುವಾಯಿತು.

ಉಳಿದ ದಾರಿ ಒಂದೇ: ನದಿಯನ್ನು ಮುಟ್ಟದೆ, ಬೆಟ್ಟ ಬಳಸಿ, ಹಳೆಯ ರೈಲು ಸುರಂಗದೊಳಗಿಂದ ಹಾಯುವ ಸುತ್ತುದಾರಿ. ಅದು ಎಷ್ಟು ಉದ್ದವೆಂದರೆ ನಡುವೆ ಬೆಳಕು ಸೊರಗಿಹೋಗುತ್ತಿತ್ತು. ಸುರಂಗದ ಬಾಯಿಯಲ್ಲಿ ಅದಕ್ಕೆ ಬಲ ತುಂಬುವ ಯಂತ್ರವೊಂದನ್ನು ಕೂರಿಸಬೇಕಾಯಿತು. ಅದಾದ ಮೇಲೆ ಬಣ್ಣದ ತಕರಾರು. ತುದಿಯಿಂದ ತುದಿಗೆ ಖಾಲಿ ಇದ್ದ ಬಣ್ಣವೊಂದೂ ಸಿಗಲಿಲ್ಲ. ಬಹುಪಾಲು ಖಾಲಿ ಇದ್ದ ಒಂದೇ ಒಂದನ್ನು ಸುರಂಗದ ತುಂಡಿನಲ್ಲಿ ಬ್ಯಾಂಕೊಂದು ಹಿಡಿದುಕೊಂಡಿತ್ತು. ಬೇರೆ ಬಣ್ಣಕ್ಕೆ ಹೋಗಿ ಎಂದರೆ ಬ್ಯಾಂಕಿನ ಅಧಿಕಾರಿ ಹೌಹಾರಿದ: "ನಮ್ಮ ವ್ಯವಹಾರ ಒಂದು ಕ್ಷಣ ನಿಂತ್ರೂ ನಾನು ಮನೆಗೆ ಹೋಗ್ಬೇಕಾಗುತ್ತೆ ಮೇಡಂ!" ಬಂತಕ್ಕ ಅವನೊಡನೆ ವಾದಿಸಲಿಲ್ಲ. ನಿಲ್ಲುವುದಿಲ್ಲವೆಂದು ಮಾತು ಕೊಟ್ಟು ಒಪ್ಪಿಗೆ ಪಡೆದರು. ಬ್ಯಾಂಕಿಗೆ ಪಕ್ಕದಲ್ಲೇ ಹೊಸ ಬಣ್ಣದ ದಾರಿಯನ್ನು ಪೂರ್ತಿ ಕಟ್ಟಿ, ಎರಡರಲ್ಲೂ ಒಂದೇ ಮಾತು ಹರಿಯುವಂತೆ ಮಾಡಿ, ಕೇಳುವ ತುದಿಯ ಯಂತ್ರವನ್ನು ಹಳೆಯದರಿಂದ ಹೊಸದಕ್ಕೆ ನವಿರಾಗಿ ಹೊರಳಿಸಿದರು. ಮಧ್ಯಾಹ್ನ ಅಧಿಕಾರಿಯೇ ಫೋನು ಮಾಡಿ, ಯಾವಾಗ ಬದಲಾಯಿಸುತ್ತೀರೆಂದು ಕೇಳಿದ.

"ಬೆಳಿಗ್ಗೇನೇ ಆಯ್ತಲ್ಲಾ," ಎಂದರು ಬಂತಕ್ಕ. ಆ ದಿನ ಅವರು ಓಣಿಯಲ್ಲಿ ನಡೆದ ಗತ್ತನ್ನು ಕಂಡವರು ಇಂದಿಗೂ ಅಭಿನಯಿಸಿ ತೋರಿಸುತ್ತಾರೆ.

ಖಾಲಿಯಾದ ಬಣ್ಣದ ಮೇಲೆ ಅಣೆಕಟ್ಟಿನ ಎರಡನೆಯ ದಾರಿ ಎದ್ದು ನಿಂತಿತು. ಮೊದಲ ದಾರಿ ನಡುಗಿದಾಗ ಇದು ಅಲುಗದೆ ಹರಿಯುವುದನ್ನು ಅವರು ಎರಡು ದಿನ ಕೂತು ನೋಡಿದರು. ಮೂರನೆಯ ದಿನ ಮಳೆ ಶುರುವಾಯಿತು.

ಮಳೆ ಹಿಡಿದದ್ದು ಬಿಡಲಿಲ್ಲ. ವಾರ ಕಳೆದ ಮೇಲೆ, ಹಾಡುಹಗಲಿನಲ್ಲೇ, ನದಿಯ ಸೆಳೆತಕ್ಕೆ ಹೆದ್ದಾರಿ ಸೇತುವೆಯ ಒಂದು ಮಗ್ಗುಲು ಕುಸಿಯಿತು. ಕಚೇರಿಯ ಪರದೆಯಲ್ಲಿ ಗೆರೆಯೊಂದು ಕೆಂಪಾಗಿ ಅಲಾರಂ ಅರಚಿಕೊಂಡಿತು. ಎಲ್ಲರೂ ಎದ್ದು ನಿಂತರು. ಬಂತಕ್ಕ ಮಾತ್ರ ಕೂತೇ ಇದ್ದರು. ಪಟ್ಟಣದ ನಿಯಂತ್ರಣ ಕೊಠಡಿಗೆ ಫೋನು ಹಚ್ಚಿದರು. ಅವರು ಕೇಳುವ ಮೊದಲೇ ಆ ಕಡೆಯವನು ಕೂಗಿದ: "ಬರ್ತಾನೇ ಇದೆ ಅಕ್ಕಾ! ಗೇಟು ಎತ್ತಿದಾರೆ, ಸೈರನ್ ಹೊಡೀತಿದೆ, ಕೇಳಿಸ್ತಿದೆಯಾ?" ಕೇಳಿಸುತ್ತಿತ್ತು. ವ್ಯಾಪಾರಿಗಳು ಅಂಗಡಿ ಬಿಟ್ಟು, ಮಕ್ಕಳನ್ನೂ ಮುದುಕರನ್ನೂ ಎತ್ತಿಕೊಂಡು ದಿಬ್ಬದ ಶಾಲೆಗೆ ಹತ್ತಿದರು. ಸಂಜೆ ನದಿ ಮಾರುಕಟ್ಟೆಯೊಳಗೆಲ್ಲ ತಿರುಗಾಡಿ, ತಕ್ಕಡಿ, ಬುಟ್ಟಿ, ಬಾಗಿಲುಗಳನ್ನು ಕೊಂಡೊಯ್ದಿತು. ಮನುಷ್ಯರು ಯಾರೂ ಅದರ ಕೈಗೆ ಸಿಕ್ಕಲಿಲ್ಲ.

ನೀರಿಳಿದ ಮೇಲೆ ಪಟ್ಟಣದವರು ಸಭೆ ಕರೆದರು. ಶಾಲು ಹೊದಿಸಿ ಮಾತಾಡಿದ ಗಣ್ಯರೊಬ್ಬರು, ಇಂಥ ವಿನಯಶೀಲರು ತೆರೆಮರೆಯಲ್ಲೇ ಉಳಿಯಬಯಸುತ್ತಾರೆಂದು ಭಾವಪರವಶರಾಗಿ ಹೇಳಿದರು. ಬಂತಕ್ಕ ಮೈಕಿನ ಮುಂದೆ ಬಂದರು. "ವಿನಯ ಅಂದ್ರು. ನಂಗೆ ಅಷ್ಟೊಂದು ವಿನಯ ಇಲ್ಲ. ಎರಡೂ ಕೇಬಲ್ಲು ಒಂದೇ ಪೈಪಲ್ಲಿದೆ ಅಂತ ಕಂಡುಹಿಡಿದಿದ್ದು ನಾನೇ. ಸುರಂಗದ ದಾರಿ ಮಾಡಿದ್ದೂ ನಾನೇ. ಸುರಂಗದಲ್ಲಿ ಯಂತ್ರ ಕೂರಿಸಿದೋರು ಅಲ್ಲಿ ಹಿಂದೆ ನಿಂತಿದಾರೆ, ಅವರನ್ನೂ ಮೇಲೆ ಕರೀರಿ." ಒಂದು ಕ್ಷಣ ಸಭೆ ತಬ್ಬಿಬ್ಬಾಯಿತು. ಮುಂದಿನ ಸಾಲಿನಿಂದ ದರ್ಜಿ ಒಬ್ಬನೇ ಚಪ್ಪಾಳೆ ಹೊಡೆದ. ಆಮೇಲೆ ಊರಿಗೆ ಊರೇ ಹೊಡೆಯಿತು.

ಹಿಂದಿರುಗುವಾಗ ಜೀಪಿನಲ್ಲಿ ಮುಖ್ಯಸ್ಥರು ನಕ್ಕರು. "ಅಲ್ರೀ, ನಾನೇ ನಾನೇ ಅಂತ ಅಷ್ಟು ನೇರವಾಗಿ ಹೇಳೋದಾ?"

"ಆ ದಾರಿ ನಿಂತುಹೋಗಿದ್ರೆ ಯಾರು ಮಾಡಿದ್ದು ಅಂತ ಕೇಳ್ತಿರ್ಲಿಲ್ವಾ ಸಾರ್? ಆಗ್ಲೂ ನಾನೇ ಅಂತಿದ್ದೆ."

ಮಾಡಿದ್ದನ್ನು ಮಾಡಲಿಲ್ಲವೆಂಬಂತೆ ತಲೆತಗ್ಗಿಸುವುದನ್ನೇ ಸದ್ಗುಣವೆಂದು ನಾವು ಕೊಂಡಾಡುತ್ತ ಬಂದಿದ್ದೇವೆ. ಹಾಗೆ ತಗ್ಗಿದ ತಲೆ ಕೇಡು ಬಂದ ದಿನ ಎಷ್ಟು ಸುಲಭವಾಗಿ ಗುಂಪಿನೊಳಗೆ ಮರೆಯಾಗಬಲ್ಲದೆಂಬುದನ್ನು ಯೋಚಿಸುವುದಿಲ್ಲ. ಬಂತಕ್ಕನಂಥವರ ಹೆಮ್ಮೆ ಸ್ವಲ್ಪ ಒರಟು, ಸಭೆಗೆ ಒಗ್ಗದು, ಆದರೆ ಅದರಲ್ಲಿ ಮೋಸವಿಲ್ಲ. ತಮ್ಮ ಕೆಲಸದ ಮೇಲೆ ತಮ್ಮ ಹೆಸರನ್ನು ಬರೆಯುವವರು ಅದರ ಅಪಜಯಕ್ಕೂ ಅಲ್ಲಿಯೇ ಸಹಿ ಹಾಕಿರುತ್ತಾರೆ. ಅಂಥವರು ಎಲ್ಲೋ ಎದ್ದು ಕೂತಿದ್ದಾರೆಂಬ ಧೈರ್ಯದ ಮೇಲೆ, ಅವರ ಮುಖವನ್ನೂ ಕಂಡಿಲ್ಲದ ನದೀತೀರದ ಊರುಗಳು ನೆಮ್ಮದಿಯಾಗಿ ನಿದ್ದೆ ಮಾಡುತ್ತವೆ.