ಕಾಲರು ಕಚ್ಚಿಕೊಂಡ ಬಾಯಿ

ಕತಲೋನಿಯಾದ ನಮ್ಮೂರಿನಲ್ಲಿ ಮನುಷ್ಯರ ಭುಜದ ಮೇಲೆ ಮನುಷ್ಯರು ನಿಂತು ಗೋಪುರ ಕಟ್ಟುತ್ತೇವೆ. ಆ ಭಾನುವಾರ ಚೌಕದಲ್ಲಿ ಏಳು ಅಂತಸ್ತು ಏಳಬೇಕಿತ್ತು, ನಮ್ಮ ತಂಡಕ್ಕೆ ಅದೇ ಮೊದಲು. ಒಂದು ಮಗ್ಗುಲಿನ ಬುಡದಲ್ಲಿ ಬೇಕರಿಯ ಫೆರ್ಮಿ, ಅವನ ಭುಜದ ಮೇಲೆ ಶಾಲೆಯ ಬೆರ್ನಾತ್ ಮೇಷ್ಟ್ರು, ಮೇಷ್ಟ್ರ ಭುಜದ ಮೇಲೆ ನಾನು. ಹಾಗಾಗಿ ಅವರಿಬ್ಬರು ಜಗಳವಾಡಿದರೆ ಅದು ನನ್ನ ಬೆನ್ನುಮೂಳೆಯ ಪ್ರಶ್ನೆ.

ಗೋಪುರದಲ್ಲಿ ಅಂಗಿಯ ಕಾಲರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತೇವೆ. ಬಟ್ಟೆ ಬಿಗಿಯಾಗಿದ್ದರೆ ಮೇಲಿನವರ ಕಾಲು ಜಾರುವುದಿಲ್ಲ. ಇದು ಗೊತ್ತಿದ್ದೂ ಮಂಗಳವಾರದ ತಾಲೀಮಿನಲ್ಲಿ ಫೆರ್ಮಿ ಬಾಯಿ ಬಿಟ್ಟ. ಮೇಷ್ಟ್ರು ಭುಜ ಬಿಟ್ಟು ಕತ್ತು ತುಳಿಯುತ್ತಿದ್ದಾರೆ ಎಂದು ಬೈಯುವುದಕ್ಕೆ. ಕಾಲರು ಜಾರಿತು, ಮೇಷ್ಟ್ರು ಜಾರಿದರು, ನಾನು ಕೆಳಗಿದ್ದವರ ತಲೆಗಳ ಮೇಲೆ ಮೂಟೆಯ ಹಾಗೆ ಬಿದ್ದೆ.

ಬಿದ್ದಲ್ಲಿಂದಲೇ ಜಗಳ ಮುಂದುವರಿಯಿತು. ಫೆರ್ಮಿಯ ಭುಜ ಹಳೇ ಮಾಡಿನ ಹಾಗೆ ಒಂದು ಕಡೆ ಇಳಿದಿದೆ ಎಂದರು ಮೇಷ್ಟ್ರು. ಮೇಷ್ಟ್ರದು ಪಾದವಲ್ಲ, ದೋಣಿ ಎಂದ ಫೆರ್ಮಿ. ಆಮೇಲೆ ಇಬ್ಬರಿಗೂ ಮಾತಿಲ್ಲ. ಬೈಗುಳವೆಲ್ಲ ನನ್ನ ಮೂಲಕ ಹೋಗಿಬರುತ್ತಿತ್ತು.

ನಮ್ಮ ತಂಡದ ಯಜಮಾನಿ ರೆಮೇಯ್ ಮೀನು ಮಾರುವವಳು. ಇವರು ಸರಿಹೋಗದಿದ್ದರೆ ಏಳನ್ನು ಮರೆತು ಆರೇ ಅಂತಸ್ತು ಕಟ್ಟುವುದು ಎಂದುಬಿಟ್ಟಳು. ಶನಿವಾರ ಅವಳು ಇಬ್ಬರ ಕೈಗೂ ಸೊಂಟದ ಪಟ್ಟಿ ಕೊಟ್ಟಳು. ಉದ್ದದ ಕಪ್ಪು ಬಟ್ಟೆ ಅದು. ಒಬ್ಬರು ತುದಿ ಹಿಡಿದು ಎಳೆಯಬೇಕು, ಇನ್ನೊಬ್ಬರು ಗಿರಗಿರ ತಿರುಗುತ್ತ ಸೊಂಟಕ್ಕೆ ಸುತ್ತಿಕೊಳ್ಳಬೇಕು. ಒಬ್ಬರಿಂದಲೇ ಆಗುವ ಕೆಲಸವಲ್ಲ.

"ಸುತ್ಕೊಳ್ತಾ ಮಾತಾಡಿ," ಎಂದಳು ರೆಮೇಯ್. "ಆದ್ರೆ ನಿಮ್ಮ ಮೈಗೆ ಏನಾಗ್ತಿದೆ, ಅಷ್ಟೇ ಹೇಳ್ಬೇಕು. ಇನ್ನೊಬ್ರ ಮೈ ಸುದ್ದಿ ಎತ್ತಿದ್ರೆ ಬಿಚ್ಚಿ ಮೊದಲಿಂದ ಸುತ್ತಿ."

ಫೆರ್ಮಿ ಸುತ್ತಿಕೊಳ್ಳತೊಡಗಿದ. "ಈ ಮೇಷ್ಟ್ರ ಪಾದ..."

"ಬಿಚ್ಚು."

ಮತ್ತೆ ತಿರುಗಿದ. ಮತ್ತೆ ಪಾದ ಬಂತು. ಮತ್ತೆ ಬಿಚ್ಚಿದ. ಕೊನೆಗೆ ತಲೆ ತಿರುಗಿ ಗೋಡೆ ಹಿಡಿದು ನಿಂತ.

"ನನ್ನ ಎಡಭುಜ ನೋಯ್ತದೆ," ಎಂದ ಮೆಲ್ಲಗೆ. "ಮೈದಾ ಮೂಟೆ ಎತ್ತೋವಾಗ ಉಳುಕಿದ್ದು. ಹೇಳಿದ್ರೆ ನನ್ನ ಜಾಗ ಬೇರೆಯವ್ರಿಗೆ ಕೊಡ್ತೀರಿ ಅಂತ ಸುಮ್ನಿದ್ದೆ."

ಮೇಷ್ಟ್ರ ಕೈಯಲ್ಲಿದ್ದ ಬಟ್ಟೆ ಸಡಿಲಾಯಿತು. ಅವರು ಅದನ್ನು ಮತ್ತೆ ಬಿಗಿಯಾಗಿ ಎಳೆದುಕೊಂಡರು.

"ನನಗೆ ಎಡಗಾಲಿನ ಕೆಳಗೆ ನೆಲ ಕುಸಿದ ಹಾಗಾಗ್ತಿತ್ತು. ಭಯಕ್ಕೆ ಕಾಲು ಕತ್ತಿನ ಕಡೆ ಹೋಗ್ತಿತ್ತು."

"ಭಯನಾ? ನಿಮಗಾ?"

"ಪ್ರತಿ ಸಲ ಕಣಯ್ಯ."

ಫೆರ್ಮಿಯ ಜಾಗ ಎಲ್ಲೂ ಹೋಗಲಿಲ್ಲ. ಬುಡದಲ್ಲಿ ನಿಲ್ಲುವವರ ಕಂಕುಳಿಗೆ ಭುಜ ಕೊಟ್ಟು ಆನಿಸುವವರು ಹೇಗೂ ಇರುತ್ತಾರೆ. ರೆಮೇಯ್ ಅವನ ಎಡಗಡೆಗೆ ತನ್ನ ಗಿಡ್ಡ ಗಂಡನನ್ನು ನಿಲ್ಲಿಸಿದಳು. ಒಂದು ಸಲ ನಿಂತು ನೋಡಿದ ಆ ಮನುಷ್ಯ ಫೆರ್ಮಿಯ ಕಂಕುಳಿನಿಂದ ಹೊರಗೆ ಬಂದು, ತನ್ನ ಮೂಗಿಗೆ ಏನಾಗುತ್ತಿದೆ ಎಂದು ತಾನೂ ಹೇಳಬಹುದೇ ಎಂದು ಕೇಳಿದ. ಬೇಡ ಎಂದೆವು ಎಲ್ಲರೂ.

ಭಾನುವಾರ ಏಳೂ ಅಂತಸ್ತು ಎದ್ದವು. ತುದಿಯ ಹುಡುಗಿ ಕೈ ಎತ್ತಿದಳು, ಚೌಕವೆಲ್ಲ ಕೂಗಿತು, ಎಲ್ಲರೂ ಕ್ಷೇಮವಾಗಿ ಇಳಿದೆವು. ನನ್ನ ಬೆನ್ನುಮೂಳೆ ಇದ್ದಲ್ಲೇ ಇತ್ತು.

ಇಳಿದದ್ದೇ ತಡ, ವೆರ್ಮುತ್ ಎಂಬ ವೈನ್ ಕುಡಿಯಲು ಯಾವ ಅಂಗಡಿಗೆ ಹೋಗಬೇಕೆಂದು ಇಬ್ಬರಿಗೂ ಶುರುವಾಯಿತು. ಚರ್ಚಿನ ಪಕ್ಕದ್ದೇ ಆಗಬೇಕು ಎಂದರು ಮೇಷ್ಟ್ರು. ಅಲ್ಲಿ ಆಲಿವ್ ಕೊಡಲು ಜಿಪುಣತನ ಎಂದ ಫೆರ್ಮಿ. ದನಿ ಏರಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಫೆರ್ಮಿ ತಟ್ಟನೆ ನಿಲ್ಲಿಸಿದ. "ಮೇಷ್ಟ್ರೇ, ನನ್ನ ಹೊಟ್ಟೆಗೆ ಏನಾಗ್ತಿದೆ ಅಂತ ಹೇಳ್ತೀನಿ, ಕೇಳಿ."

ಮೇಷ್ಟ್ರು ಅಂಗಿಯ ಕಾಲರನ್ನು ಎತ್ತಿ ಹಲ್ಲಿನಲ್ಲಿ ಕಚ್ಚಿಕೊಂಡು, ಹೇಳು ಎಂಬಂತೆ ತಲೆಯಾಡಿಸಿದರು.