ಉರುಕುಂದಮ್ಮನಿಗೆ ಒಪ್ಪಿದ ಕಪ್ಪು

ಆದೋನಿಯ ಸ್ಟುಡಿಯೋಗಳಲ್ಲಿ ಯಾರೂ ಬರೆದು ಹಾಕದ ಒಂದು ಕಾನೂನಿದೆ: ಬದುಕಿರುವವರಿಗೆ ಬಣ್ಣ, ಹೋದವರಿಗೆ ಕಪ್ಪು-ಬಿಳುಪು. ಈಗೀಗ ಹೋದವರಿಗೂ ಕಪ್ಪು-ಬಿಳುಪು ಸಾಲುವುದಿಲ್ಲ. ಮಕ್ಕಳು ಆಧಾರ್ ಕಾರ್ಡಿನ ಮುಖವೊಂದನ್ನು ತಂದುಕೊಟ್ಟು, ಅದಕ್ಕೊಂದು ರೇಷ್ಮೆ ಸೀರೆ, ಕೊರಳಿಗೆ ಕಾಸಿನ ಸರ, ಬೆನ್ನ ಹಿಂದೆ ಒಂದು ಜಲಪಾತ ಹಾಕಿಸಿಕೊಂಡು ಹೋಗುತ್ತಾರೆ. ಅಂಥದೊಂದು ಸ್ಟುಡಿಯೋ ನಡೆಸುವ ಜಗದೀಶನ ಹೆಂಡತಿ ಶೋಭಾರಾಣಿ ಅಲ್ಲಿನ ಕಂಪ್ಯೂಟರಿನ ಮುಂದೆ ಕೂತು, ಹೀಗೆ ಎಷ್ಟೋ ಮುದುಕಿಯರಿಗೆ ಅವರು ಜೀವಮಾನದಲ್ಲಿ ಕಂಡಿರದ ಬಂಗಾರ ತೊಡಿಸಿದ್ದಳು.

ಹಾಗಾಗಿ ಪೆದ್ದಕಡುಬೂರಿನ ಉರುಕುಂದಮ್ಮ ಗಂಡನ ಫೋಟೋವನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎದೆಗವಚಿಕೊಂಡು ಬಂದಾಗ ಜಗದೀಶ ಇದೂ ಅಂಥದೇ ಕೆಲಸವೆಂದುಕೊಂಡ.

"ಅಪ್ಪಾರಿಗೆ ಕಲರ್ ಹಾಕಬೇಕೇನವ್ವಾ?"

"ಆತಗ ಏನೂ ಹಾಕಬ್ಯಾಡ. ಆತನ ಬಾಜೂಕ ನನ್ನ ಹಾಕು. ಇದೇ ಕಪ್ಪು, ಇದೇ ಬಿಳುಪು ಆಗಬೇಕು."

ಟವೆಲು ಬಿಚ್ಚಿದಳು. ಗಾಜಿಲ್ಲದ ಕಟ್ಟು. ಒಳಗೆ ಮೂವತ್ತು ದಾಟದ ಒಬ್ಬ ಗಂಡಸು, ತೋಳಿನ ಮೇಲೆ ಕಂಬಳಿ, ಹುರಿ ಮಾಡಿದ ಮೀಸೆ. ಕತ್ತಲೆಕೋಣೆಯಲ್ಲಿ ತೊಳೆದು ತೆಗೆದ ಹಳೆಯ ಕಾಲದ ಪ್ರಿಂಟು. ಆ ಕಪ್ಪನ್ನು ಜಗದೀಶ ಬಗ್ಗಿ ಹತ್ತಿರದಿಂದ ನೋಡಿದ. ಅವನ ಅಪ್ಪ ಫೋಟೋ ತೊಳೆಯುತ್ತಿದ್ದ ಕತ್ತಲೆಕೋಣೆಯಲ್ಲಿ ಈಗ ಆಲ್ಬಮ್ಮಿನ ಖಾಲಿ ಡಬ್ಬಿಗಳಿದ್ದವು.

"ಬದುಕಿದ್ದೋರದು ಹಿಂಗ ಮಾಡಂಗಿಲ್ಲವ್ವಾ. ಮಂದಿ ಏನಂತಾರ?"

"ಮಂದಿ ಬಿಡು. ನಮ್ ಓಣಿ ಕೊಂಡಮ್ಮನ್ನ ನೋಡ್ದಿ ಏನು? ಸತ್ತಮ್ಯಾಲ ಆಕಿ ಮಕ್ಕಳು ಫೋಟೋ ಮಾಡಿಸ್ಯಾರ. ಮೈ ತುಂಬಾ ಬಂಗಾರ, ತುಟಿಗೆ ಕೆಂಪು. ಬಾಜೂಕ ಗಂಡ ಕಪ್ಪು-ಬಿಳುಪಿನಾಗ ಕುಂತಾನ. ಪಾಪ, ಯಾರದೋ ಹೆಂಡ್ತಿ ಜೊತಿ ಬಸ್ಸಿನಾಗ ಕುಂತೋನಂಗ ಕಾಣ್ತಾನ." ಆಕೆ ಸೆರಗು ಸರಿಮಾಡಿಕೊಂಡಳು. "ನಾನು ಸತ್ತಮ್ಯಾಲ ನನ್ ಮಾತು ಯಾರ್ ಕೇಳ್ತಾರಪಾ? ಬಾಯಿ ಇದ್ದಾಗನ ನೋಡಿ, ಹೂಂ ಅಂದು ಇಟ್ಟು ಹೋಗ್ತೀನಿ. ಆತನೂ ನಾನೂ ಕೂಡಿ ಒಂದು ಫೋಟೋ ತೆಗಿಸ್ಕೊಂಡಿಲ್ಲ."

ಶೋಭಾರಾಣಿ ಕಂಪ್ಯೂಟರಿನಿಂದ ತಲೆಯೆತ್ತಿದಳು. ಕೊಂಡಮ್ಮನ ತುಟಿಗೆ ಕೆಂಪು ಹಚ್ಚಿದ್ದು ಆಕೆಯೇ. ಮತ್ತೆ ತಲೆ ತಗ್ಗಿಸಿದಳು.

ಜಗದೀಶ ಕಿಟಕಿಯ ಬೆಳಕಿನಲ್ಲಿ ಆಕೆಯ ಫೋಟೋ ತೆಗೆದ. ಅಂಗಡಿಯ ಪ್ರಿಂಟರಿಗೆ ಕೊಟ್ಟ. ಮದುವೆ ಫೋಟೋಗಳಿಗೆ ಹೇಳಿ ಮಾಡಿಸಿದಂಥ ಯಂತ್ರ ಅದು. ಅದಕ್ಕೆ ಬೂದು ಬಣ್ಣವೆಂದರೆ ಕೆಂಪು, ನೀಲಿ, ಹಳದಿಗಳನ್ನು ಬೆರೆಸಿ ತಯಾರಿಸಿಕೊಳ್ಳಬೇಕಾದ ಒಂದು ಒಪ್ಪಂದ. ಆ ಒಪ್ಪಂದ ಮುರಿದು ಬಿದ್ದಿತ್ತು. ಉರುಕುಂದಮ್ಮ ಕಾಗದವನ್ನು ಗಂಡನ ಪಕ್ಕಕ್ಕೆ ಹಿಡಿದಳು.

"ನನಗ ಪಾಚಿ ಹತ್ತೈತಲ್ಲಪಾ."

ಹೌದು, ಹಸಿರಾಗಿತ್ತು. ಜಗದೀಶ ಕೆಂಪು ಏರಿಸಿ ಇನ್ನೊಂದು ತೆಗೆದ. ಟ್ಯೂಬ್‌ಲೈಟಿನ ಕೆಳಗೆ ಸರಿಯಾಗಿಯೇ ಇತ್ತು. ಬಾಗಿಲ ಬಿಸಿಲಿಗೆ ಒಯ್ದರೆ ಮುದುಕಿ ಸೇಂದಿ ಕುಡಿದವಳಂತೆ ಕೆಂಪೇರಿದಳು.

"ಇದಕ್ಕಿಂತ ಪಾಚಿನೇ ಮರ್ಯಾದಿ" ಎಂದ ಉರುಕುಂದಮ್ಮ, ಸೆರಗಿನ ಚುಂಗನ್ನು ಅಲ್ಲಿದ್ದ ನೀರಿನ ಚೊಂಬಿಗೆ ಅದ್ದಿ, ಜಗದೀಶ ಹಾಂ ಹಾಂ ಅನ್ನುವಷ್ಟರಲ್ಲಿ ಪ್ರಿಂಟನ್ನು ಒರೆಸಿಯೇಬಿಟ್ಟಳು. ಎಡಗೆನ್ನೆ ಪೂರ್ತಿ ಸೆರಗಿಗೆ ಬಂತು.

"ಯಾಕವ್ವಾ ಒರಸ್ತಿ?"

"ಅಮಾಸಿಗೊಮ್ಮಿ ಆತನ್ನ ಹಿಂಗ ಒರಸಿ ವಿಭೂತಿ ಹಚ್ತೀನಿ. ಆತಗ ಏನೂ ಆಗಿಲ್ಲ, ನೋಡು. ನಾಳೆ ಸೊಸಿ ನನ್ನ ಒರಸಿದ್ರ, ಎರಡು ಅಮಾಸಿಗೆ ನಾನು ಬರೇ ಕಾಗದ."

ಅಂಗಡಿಯ ಪ್ರಿಂಟರಿಗೆ ಹೇಗೂ ವಯಸ್ಸಾಗಿತ್ತು, ಹೊಸದು ತರುವ ಮಾತು ಮನೆಯಲ್ಲಿ ನಡೆದೇ ಇತ್ತು. ಆಕೆ ಹೋದಮೇಲೆ ಜಗದೀಶ ಕರ್ನೂಲಿನ ಡೀಲರ್ ಸಾಯಿಕುಮಾರನಿಗೆ ಫೋನು ಹಚ್ಚಿದ. ಅವನ ಬಳಿ ಎರಡು ತರಹದ್ದಿತ್ತು. ಒಂದು, ಟ್ಯಾಂಕಿಗೆ ಮಸಿ ಸುರಿಯುವಂಥದ್ದು. ಬಣ್ಣ ಥಳಥಳ, ಆದರೆ ನೀರಿನಲ್ಲಿ ಕರಗಿಸಿದ ಮಸಿ. ಇನ್ನೊಂದರ ಮಸಿ ನುಣ್ಣಗೆ ಅರೆದ ಪುಡಿ, ಪಿಗ್ಮೆಂಟು; ಬಣ್ಣಗಳ ಜೊತೆಗೆ ಕಪ್ಪು, ಬೂದು, ತಿಳಿಬೂದು ಎಂದು ಮೂರು ಬೇರೆಬೇರೆ ಡಬ್ಬಿ.

"ಅದಿ ಎವರು ಕೊಂಟಾರು ಸಾರ್, ಯಾರ್ ತಗೊಂತಾರ ಅದನ್ನ?" ಸಾಯಿಕುಮಾರ್ ನಕ್ಕ. "ಕರ್ನೂಲ್‌ನಾಗ ಇನ್ನಾ ಒಬ್ರೂ ಒಯ್ದಿಲ್ಲ. ಟ್ಯಾಂಕಿಂದು ತಗೊಳ್ರಿ, ಮದುವಿ ಸೀಜನ್ ಎಲ್ಲಾ ಓಡತೈತಿ. ಮೂರು ಕಪ್ಪು ಇಟ್ಗೊಂಡು ಏನ್ ಮಾಡ್ತೀರಿ, ಕಾಗಿ ಫೋಟೋ ತೆಗಿತೀರೇನು?"

ಶೋಭಾರಾಣಿಯದೂ ಅದೇ ಪಕ್ಷ. "ಆದೋನಿ ಬಿಸಿಲಿಗೆ ಆ ಮಸಿ ಒಣಗಿ ಪ್ರಿಂಟರಿನ ಮೂತಿ ಕಟ್ಟತೈತಿ, ರೀ. ಅಪರೂಪಕ್ಕೊಬ್ಬ ಮುದುಕಿ ಬರ್ತಾಳ. ಆಕಿ ಸಲುವಾಗಿ ದಿನಾ ಯಾರ್ ಕೂತು ಮೂತಿ ತೊಳಿತಾರ?"

"ಕಲರೂ ಬರತೈತಿ ಅದರಾಗ."

"ಕಲರ್ ಬರಾಕ ಅದ್ಯಾಕ ಬೇಕು? ನಿಮಗ ನಿಮ್ಮಪ್ಪನ ಕತ್ತಲಿ ಕ್ವಾಣಿ ನೆನಪಾಗೈತಿ, ಅದನ್ನ ಹೇಳ್ರಿ."

ಜಗದೀಶ ಹೇಳಬೇಕಾದ್ದನ್ನು ಆಕೆಯೇ ಹೇಳಿಬಿಟ್ಟಿದ್ದಳು. ಸಾಯಿಕುಮಾರನನ್ನು ಕಾಡಿ ಬೇಡಿ, ಮುದುಕಿಯ ಫೋಟೋವನ್ನು ಅವನಿಗೇ ಕಳಿಸಿ, ಆ ಮೂರು ಕಪ್ಪಿನ ಯಂತ್ರದಲ್ಲಿ ಎರಡು ಕಾಗದಗಳ ಮೇಲೆ ತೆಗೆಸಿ ಬಸ್ಸಿನ ಪಾರ್ಸೆಲ್ಲಿಗೆ ಹಾಕುವಂತೆ ಒಪ್ಪಿಸಿದ.

ಪಾರ್ಸೆಲ್ ಬಂತು. ಉರುಕುಂದಮ್ಮನೂ ಬಂದಳು, ಮತ್ತೆ ಗಂಡನನ್ನು ಟವೆಲಿನಲ್ಲಿ ಕಟ್ಟಿಕೊಂಡು.

ಮೊದಲನೆಯದು ಹತ್ತಿಯಿಂದ ಮಾಡಿದ ದಪ್ಪ ಕಾಗದ. ಆದೋನಿ ಹತ್ತಿಯ ಮಾರುಕಟ್ಟೆಗೆ ಹೆಸರಾದ ಊರು; ಹತ್ತಿ ಎಂದಕೂಡಲೇ ಶೋಭಾರಾಣಿ ಮೂಸಿ ನೋಡಿದಳು: "ಇಲ್ಲಿಂದ ಲಾರಿ ಹತ್ತಿ ಹೋಗಿದ್ದು ಕಾಗದಾಗಿ ತಿರುಗಿ ಬಂದೈತೇನೋ. ನಮ್ಮೂರು ಹುಡುಗಿ ತವರಿಗೆ ಬಂದಂಗಾಯ್ತು." ಕಾಗದವೇನೋ ಚೆಂದವಿತ್ತು, ಆದರೆ ಅದರ ಕಪ್ಪು ಇದ್ದಿಲಿನದು, ಬೆಳಕನ್ನು ನುಂಗಿ ಸುಮ್ಮನಾಗುವಂಥದ್ದು.

"ಆತನ ಮೀಸಿ ಎಣ್ಣಿ ಹಚ್ಚಿದಂಗೈತಿ, ನನ್ ಕುಬ್ಸ ಬೂದ್ಯಾಗ ಹೊಳ್ಳಾಡಿದಂಗೈತಿ" ಎಂದು ಉರುಕುಂದಮ್ಮ ಅದನ್ನು ಪಕ್ಕಕ್ಕಿಟ್ಟಳು.

ಎರಡನೆಯ ಕಾಗದಕ್ಕೆ ಸಣ್ಣ ಹೊಳಪಿತ್ತು. ಜಗದೀಶ ಅದನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದ, ಬಾಗಿಲಿಗೆ ಒಯ್ದ, ಬೀದಿಯ ಬಿಸಿಲಿಗೂ ಒಯ್ದ. ಎಲ್ಲಿಯೂ ಮುಖ ಬಣ್ಣ ಬದಲಿಸಲಿಲ್ಲ. ಮುದುಕಿ ಚುಂಗು ಅದ್ದಿ ಒರೆಸಿದಳು. ಚುಂಗು ಬೆಳ್ಳಗೇ ಉಳಿಯಿತು. ಗಂಡನ ಪಕ್ಕದಲ್ಲಿಟ್ಟರೆ ಎರಡೂ ಒಂದೇ ದಿನ ಒಂದೇ ನೀರಿನಲ್ಲಿ ತೊಳೆದಂತಿದ್ದವು.

"ಹೂಂ" ಎಂದಳು ಉರುಕುಂದಮ್ಮ.

ಆಗ ಶೋಭಾರಾಣಿ ಬಗ್ಗಿ ನೋಡಿದಳು. "ಅವ್ವಾ, ಇದೇನಿದು ಹಣಿಮ್ಯಾಲ?"

ಹುಬ್ಬುಗಳ ನಡುವೆ ಒಂದು ಬೊಟ್ಟು. ಎದುರಿಗೆ ಕೂತ ಮುದುಕಿಯ ಹಣೆಯಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಹತ್ತಿರ ಹೋಗಿ ನೋಡಿದರೆ ಸುಕ್ಕುಗಳ ನಡುವೆ ಅಳಿದುಳಿದ ಹಸಿರು ಹಚ್ಚೆ. ಅಂಗಡಿಯ ಪ್ರಿಂಟರಿನ ಪಾಚಿಯಲ್ಲಿ ಅದು ಕಲೆತು ಹೋಗಿತ್ತು. ಮೂರು ಕಪ್ಪುಗಳು ಅದನ್ನು ಹುಡುಕಿ ತೆಗೆದು, ಕುಂಕುಮವೋ ಎಂಬಂತೆ ದುಂಡಗೆ ನಿಲ್ಲಿಸಿದ್ದವು.

ಶೋಭಾರಾಣಿ ಗಂಡನತ್ತ ತಿರುಗಿ, "ಆ ಸಾಯಿಕುಮಾರಗ ಫೋನ್ ಹಚ್ರಿ" ಎಂದಳು. "ಮೂತಿ ನಾನು ತೊಳಿತೀನಿ."

ಜಗದೀಶ ಫೋನು ಕೈಗೆತ್ತಿಕೊಳ್ಳುವಷ್ಟರಲ್ಲಿ ಉರುಕುಂದಮ್ಮನ ಮಗ ಹುಲಿಗೇಶ ಒಳಗೆ ಬಂದ. ನಲವತ್ತೈದರ ಆಸುಪಾಸಿನ ಮನುಷ್ಯ, ಕುರಿ ಸಂತೆಯಿಂದ ನೇರ ಬಂದಿದ್ದ. ಅಪ್ಪ ಗೋಡೆಯಿಂದ ಮಾಯವಾದದ್ದು ಹೆಂಡತಿ ಹೇಳಿ ಅವನಿಗೆ ಗೊತ್ತಾಗಿತ್ತು.

"ಏನ್ ಸಾರ್ ಇದು? ಗಟ್ಟಿಮುಟ್ಟಾಗಿ ಅದಾಳ ನಮ್ಮವ್ವ! ಸತ್ತೋರ ಫೋಟೋ ಮಾಡಿ ಕೂಡ್ಸೀರಿ?"

"ನಾನು ಮಾಡ್ಸೀನಿ. ಅವ್ರ ಮ್ಯಾಲ ಯಾಕ ಹಾರ್ತಿ?"

"ಯವ್ವಾ, ನಿಂದು ನಾನು ಮಾಡಸ್ತೀನಿ ಬಿಡು, ದೊಡ್ಡದು, ಕಲರ್‌ದು. ಇದನ್ನ ಹಾಕಿದ್ರ ಮಂದಿ ಏನಂತಾರ? ತಾಯಿಗೆ ಒಂದು ಬಣ್ಣ ಹಾಕ್ಸಾಕ ಗತಿ ಇಲ್ಲ ಮಗಗ ಅಂತಾರ."

ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಜಗದೀಶನಿಗೆ ಅದು ಕೇಳಿಸಿತು. ಬಂಗಾರ ಹಾಕಿಸುವವರೆಲ್ಲ ಬಡಾಯಿಗೇ ಹಾಕಿಸುವುದಿಲ್ಲ. ಬದುಕಿದ್ದಾಗ ಹಾಕಲಾಗದ್ದನ್ನು ಹಾಕುತ್ತಾರೆ.

"ಒಂದು ಸಲ ನೋಡಪಾ, ಆಮ್ಯಾಲ ಬೈಯಿ" ಎಂದು ಜಗದೀಶ ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟ.

ಹುಲಿಗೇಶ ನೋಡಿದ. ನೋಡುತ್ತಲೇ ನಿಂತ. ಅಪ್ಪ ಹೋದಾಗ ಅವನು ಅಂಬೆಗಾಲಿಡುವ ಕೂಸು. ತಾಯಿಯ ಹಣೆಯನ್ನು ಅವನು ಬರಿದಾಗಿಯೇ ಕಂಡಿದ್ದ.

"ಯವ್ವಾ... ಬೊಟ್ಟು ಇಟ್ಗೊಂಡಿ?"

"ಎಲ್ಲಿಂದ ಇಟ್ಗೊಳ್ಳಲೋ. ಹಚ್ಚಿ ಅದು. ನಮ್ಮವ್ವ ಹಾಕ್ಸಿದ್ದು. ಅದನ್ನ ಒರಸಾಕ ಬರಾಂಗಿಲ್ಲಂತ ಆವತ್ತು ಹಂಗೇ ಬಿಟ್ರು."

ಶೋಭಾರಾಣಿ ಸುಮ್ಮನೆ ಮೌಸ್ ಆಡಿಸಿದಳು.

"ಅಪ್ಪ ಸಣ್ಣೋನು ಕಾಣ್ತಾನ" ಎಂದ ಹುಲಿಗೇಶ. "ನೋಡಿದೋರು ನೀನು ಅವರವ್ವ ಅಂತಾರ. ಇವ್ರು ಕಂಪ್ಯೂಟರ್‌ನಾಗ ನಿನ್ನ ಸಣ್ಣಾಕಿ ಮಾಡಿಕೊಡ್ತಾರ, ಕೇಳು."

"ಸಣ್ಣಾಕಿ ಆಗಿ ನಿನ್ನ ಯಾರ್ ಸಾಕಿದ್ರು? ಇದ ಇರ್ಲಿ."

ಹುಲಿಗೇಶ ತಾಯಿಯ ಪ್ರಿಂಟನ್ನು ಎತ್ತಿ ಅಪ್ಪನ ಆಚೆ ಬದಿಗಿಟ್ಟ, ಮತ್ತೆ ಈಚೆಗಿಟ್ಟ. ಹುಬ್ಬು ಗಂಟಿಕ್ಕಿದ. "ಎಡಕ್ಕ ಬರಬೇಕು ನೀನು, ಹೌದಿಲ್ಲ? ಮನಿ ಗ್ವಾಡಿಮ್ಯಾಲ ಅಲ್ಲಿ ಸ್ವಿಚ್ ಬೋರ್ಡ್ ಐತಲ್ಲ."

"ಬಲಕ್ಕ ಕುಂದ್ರಾಕ ನಾನೇನು ಆತನ ತಂಗಿ ಏನು?"

ಹುಲಿಗೇಶ ಫೋನು ತೆಗೆದು ಊರಿನ ಕರೆಂಟು ಕೆಲಸದವನಿಗೆ ಹಚ್ಚಿದ. "ಶ್ರೀರಾಮುಲೂ, ನಮ್ ಪಡಸಾಲಿ ಸ್ವಿಚ್ ಬೋರ್ಡು ಒಂದು ಮೊಳ ಸರಿಸಬೇಕಾಗೈತಿ... ಹೂಂ, ಅಪ್ಪನ ಫೋಟೋ ಬಾಜೂದು... ಇಲ್ಲಪಾ, ಕರೆಂಟು ಸರಿ ಐತಿ. ಅಲ್ಲಿ ನಮ್ಮವ್ವ ಕುಂದ್ರಬೇಕು... ಏಯ್, ಆರಾಮ್ ಅದಾಳ, ಇಲ್ಲೇ ಅದಾಳ, ಬೈಯಾಕತ್ಯಾಳ! ಅರ್ಜೆಂಟೇನಿಲ್ಲ."

"ಅರ್ಜೆಂಟಿಲ್ಲ ಅಂತ ಹೇಳು" ಎಂದಳು ಉರುಕುಂದಮ್ಮ, ಗಂಡನನ್ನು ಟವೆಲಿನಲ್ಲಿ ಸುತ್ತುತ್ತ. "ಆದ್ರ ಅಳತಿ ಇವತ್ತೇ ಬಂದು ತಗೊಂಡು ಹೋಗ್ಲಿ."